ಮಕ್ಕಳ ಮನಸ್ಸು, ಮಕ್ಕಳ ಕಾನೂನು: ಕಲಬುರಗಿಯಿಂದಲೇ ಈ ಓದು ಶುರು ಮಾಡುವುದು ಹೇಗೆ?

ಸೇಡಂ, ಶಹಾಪುರ, ಹುಮನಾಬಾದ್, ಆಳಂದ. ಊರು ಬೇರೆ ಬೇರೆ, ಪ್ರಶ್ನೆ ಒಂದೇ. "ಸೈಕಾಲಜಿ ಓದಿದ್ದೇನೆ, ಮಕ್ಕಳ ಕೇಸುಗಳ ಬಗ್ಗೆ ಸಂಶೋಧನೆ ಮಾಡಬೇಕು. ಈಗ ಎಲ್‌ಎಲ್‌ಬಿ ಸೇರಲಾ?" ಕಾನೂನು ಓದುವವರು ಇದನ್ನೇ ತಿರುಗಿಸಿ ಕೇಳುತ್ತಾರೆ: "ಸೈಕಾಲಜಿಗೆ ಹೊರಳಬಹುದಾ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಚಿಕ್ಕ ಉತ್ತರ ಇದು. ಎರಡೂ ಡಿಗ್ರಿ ಬೇಕೇ ಬೇಕು ಅಂತಿಲ್ಲ. ಒಂದು ವಿಷಯ ಆಳವಾಗಿ ಗೊತ್ತಿರಬೇಕು, ಇನ್ನೊಂದನ್ನು ತಪ್ಪಿಲ್ಲದೆ ಓದಲು ಬರಬೇಕು. ಮೂರನೆಯದು ನಿಮ್ಮ ಭಾಷೆ. ಅದು ನಿಮ್ಮ ಹತ್ತಿರ ಈಗಾಗಲೇ ಇದೆ. ಆದರೆ ಅದಕ್ಕೆ ಬೆಲೆ ಇದೆ ಎಂದು ನಿಮಗೆ ಯಾರೂ ಹೇಳಿಲ್ಲ.

ನಾನಿಲ್ಲಿ ಹೇಳುತ್ತಿರುವುದು ಪಾಠ ಮತ್ತು ಸಂಶೋಧನೆಯ ಕೆಲಸದ ಬಗ್ಗೆ. ಮಗು ಏನನ್ನು ನೆನಪಿಡುತ್ತದೆ, ಹೇಗೆ ಹೇಳುತ್ತದೆ, ತನ್ನ ಕೆಲಸದ ಪರಿಣಾಮ ಅದಕ್ಕೆ ಎಷ್ಟು ಗೊತ್ತಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರ ಅಭ್ಯಾಸ ಮಾಡುತ್ತದೆ. ಅದೇ ಮಗುವಿನ ಮಾತನ್ನು ನಂಬಬೇಕೋ ಬೇಡವೋ, ಅದನ್ನು ಯಾರ ಬಳಿ ಇರಿಸಬೇಕು, ಎಷ್ಟು ಹೊಣೆ ಹೊರಿಸಬೇಕು ಎಂದು ಕೋರ್ಟು ತೀರ್ಮಾನಿಸುತ್ತದೆ. ಈ ಎರಡರ ನಡುವೆ ಇರುವ ಜಾಗವೇ ನಮ್ಮ ಕ್ಷೇತ್ರ. ವಕಾಲತ್ತು ಮಾಡುವುದು, ಕೌನ್ಸೆಲಿಂಗ್ ಮಾಡುವುದು ಬೇರೆ ದಾರಿಗಳು.

ಹಂತ 1: ಡಿಗ್ರಿಗಿಂತ ಮೊದಲು ಪ್ರಶ್ನೆ ಆರಿಸಿ

"ಮಕ್ಕಳ ಬಗ್ಗೆ ಏನಾದರೂ" ಎಂದರೆ ಯಾವ ಗೈಡೂ (ಪಿಎಚ್‌ಡಿ ಮಾರ್ಗದರ್ಶಕರು) ಒಪ್ಪುವುದಿಲ್ಲ. ಮುಖ್ಯವಾಗಿ ನಾಲ್ಕು ಬಾಗಿಲುಗಳಿವೆ. ಮಗು ಸಾಕ್ಷಿಯಾಗಿ ಅಥವಾ ಬಾಧಿತರಾಗಿ ಬರುವುದು. ಮಗುವೇ ಆರೋಪಿಯಾಗಿ ಬರುವುದು. ತಂದೆ-ತಾಯಿ ಬೇರೆಯಾದಾಗ ಮಗು ಯಾರ ಬಳಿ ಇರಬೇಕು ಎಂಬುದು. ಬಾಲ್ಯವಿವಾಹ, ಹದಿಹರೆಯದ ಒಪ್ಪಿಗೆಯಂಥ ವಿಷಯಗಳು.

ಮೊದಲ ಬಾಗಿಲ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಭಾಗದವರು ಮಾಡಬಹುದಾದ ಕೆಲಸ ಅಲ್ಲಿ ಬೆಟ್ಟದಷ್ಟಿದೆ.

ಸಾಕ್ಷಿ ಹೇಳಲು ಇಷ್ಟೇ ವಯಸ್ಸಾಗಿರಬೇಕು ಎಂಬ ನಿಯಮ ನಮ್ಮಲ್ಲಿಲ್ಲ. ಪ್ರಶ್ನೆ ಅರ್ಥವಾಗಿ, ತಿಳಿದು ಉತ್ತರ ಕೊಡಲು ಆದರೆ ಸಾಕು. ಹಳೆಯ ಸಾಕ್ಷ್ಯ ಕಾಯ್ದೆಯ 118ನೇ ಕಲಂ ಇದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 124ನೇ ಕಲಂ ಕೂಡ ಇದನ್ನೇ ಹೇಳುತ್ತದೆ. 2025ರ ಫೆಬ್ರುವರಿಯಲ್ಲಿ ಬಲವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಬಿಡಿಸಿ ಹೇಳಿತು. ಮಗುವಿನ ಮಾತು ಹೇಳಿಕೊಟ್ಟದ್ದೇ, ಸ್ವಂತದ್ದೇ ಎಂದು ಕೋರ್ಟು ಎಚ್ಚರದಿಂದ ನೋಡಬೇಕು ಅಷ್ಟೇ.

ಹಾಗಾದರೆ ಹೇಳಿಕೊಟ್ಟದ್ದು ಎಂದು ತಿಳಿಯುವುದು ಹೇಗೆ? ಮನಶ್ಶಾಸ್ತ್ರ ಈ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಉತ್ತರ ಹುಡುಕುತ್ತಿದೆ. ಬುದ್ಧಿಮತ್ತೆ ಪರೀಕ್ಷೆಗೆ ಹೆಸರಾದ ಫ್ರಾನ್ಸಿನ ಆಲ್ಫ್ರೆಡ್ ಬಿನೆ 1900ರಲ್ಲೇ ಒಂದು ವಿಷಯ ತೋರಿಸಿಕೊಟ್ಟಿದ್ದ. ಪ್ರಶ್ನೆ ಕೇಳುವ ರೀತಿ ಬದಲಾದರೆ ಮಗುವಿನ ಉತ್ತರವೂ ಬದಲಾಗುತ್ತದೆ. 1983ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಪ್ರಕರಣ ಶುರುವಾಯಿತು. ಮಕ್ಕಳನ್ನು ಮತ್ತೆ ಮತ್ತೆ, ಉತ್ತರವನ್ನು ಬಾಯಿಗೆ ಹಾಕುವಂತೆ ಪ್ರಶ್ನಿಸಲಾಗಿತ್ತು. ವರ್ಷಗಟ್ಟಲೆ ನಡೆದ ಆ ಪ್ರಕರಣ 1990ರಲ್ಲಿ ಯಾರಿಗೂ ಶಿಕ್ಷೆಯಾಗದೆ ಮುಗಿಯಿತು. ಆ ಪಾಠದ ನಂತರವೇ ಮಕ್ಕಳ ಸಂದರ್ಶನಕ್ಕೆ ಪ್ರಯೋಗಗಳಲ್ಲಿ ಪರೀಕ್ಷಿಸಿದ ಕ್ರಮಗಳು ಬಂದವು. ಅಮೆರಿಕದ ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಸಿಎಚ್‌ಡಿಯಲ್ಲಿ ಮನಶ್ಶಾಸ್ತ್ರಜ್ಞ ಮೈಕೆಲ್ ಲ್ಯಾಂಬ್ ಮತ್ತು ಸಂಗಡಿಗರು ರೂಪಿಸಿದ ಎನ್‌ಐಸಿಎಚ್‌ಡಿ ಪ್ರೋಟೋಕಾಲ್ ಅವುಗಳಲ್ಲಿ ಹೆಚ್ಚು ಹೆಸರಾದದ್ದು. ಪ್ರೋಟೋಕಾಲ್ ಎಂದರೆ ಹಂತಹಂತವಾಗಿ ಹೇಗೆ ಕೇಳಬೇಕು ಎಂಬ ಕ್ರಮ. ಅದರ ತಿರುಳು ಸರಳ: "ಏನಾಯ್ತು, ಪೂರ್ತಿ ಹೇಳು" ಎಂಬಂಥ ತೆರೆದ ಪ್ರಶ್ನೆ ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ.

ಈಗ ನಮ್ಮ ಮಾತಿಗೆ ಬನ್ನಿ. "ಅವನು ನಿನಗೆ ಹೊಡೆದ, ಅಲ್ವಾ?" ಎಂದು ಕೇಳಿದರೆ ಆ "ಅಲ್ವಾ"ದಲ್ಲೇ ಉತ್ತರ ಇದೆ. ಕಲಬುರಗಿ ಕಡೆಯ "ಹೌದಿಲ್ಲೋ?" ಇನ್ನೂ ಬಿಗಿ. ದೊಡ್ಡವರು ಹಾಗೆ ಕೇಳಿದರೆ ನಮ್ಮ ಮಕ್ಕಳು ತಲೆಯಾಡಿಸುತ್ತಾರೆ. ಒಂದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ, ಶಾಲೆಯಲ್ಲಿ ಮೇಷ್ಟ್ರು ಕೇಳಿದಂತೆ, ಮೊದಲು ಹೇಳಿದ್ದು ತಪ್ಪಾಯಿತು ಎಂದುಕೊಂಡು ಉತ್ತರ ಬದಲಿಸುತ್ತಾರೆ. "ಕಾಕಾ" ಎಂದರೆ ತಂದೆಯ ತಮ್ಮನೂ ಆಗಬಹುದು, ಓಣಿಯ ಅಂಗಡಿಯವನೂ ಆಗಬಹುದು. ಸೋದರಮಾವನ ಜೊತೆ ಮದುವೆಯಾಗುವ ರೂಢಿ ಇರುವ ಕಡೆ "ಮಾಮಾ" ಎಂಬ ಒಂದೇ ಪದ ಬರಹದಲ್ಲಿ ಎಷ್ಟು ಗೊಂದಲ ಮಾಡಬಹುದು, ಯೋಚಿಸಿ. ತಾರೀಖು ಕೇಳಿದರೆ ಮಗುವಿಗೆ ಗೊತ್ತಿರುವುದಿಲ್ಲ. "ಎಳ್ಳಮಾವಾಸ್ಯೆ ಆಗಿ ಎರಡು ದಿನಕ್ಕೆ" ಅಥವಾ "ತೊಗರಿ ರಾಶಿ ಮಾಡುವಾಗ" ಎಂದರೆ ಸರಿಯಾಗಿ ಹೇಳುತ್ತದೆ. ತಾಂಡಾದ ಮಗು ಲಂಬಾಣಿಯಲ್ಲಿ ಯೋಚಿಸುತ್ತದೆ, ಕಲಬುರಗಿ ಹಳೇ ಊರಿನ ಮಗು ದಖನಿ ಉರ್ದುವಿನಲ್ಲಿ, ಬಸವಕಲ್ಯಾಣದ ಗಡಿಯ ಮಗು ಮರಾಠಿಯಲ್ಲಿ. ಬರೆದುಕೊಳ್ಳುವವರು ಅದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸುತ್ತಾರೆ. ಆ ತಿರುಗಿಸುವಿಕೆಯಲ್ಲಿ ಏನು ಕಳೆಯಿತು, ಏನು ಸೇರಿತು? ಇದು ಒಂದು ಪಿಎಚ್‌ಡಿಗೆ ಸಾಕಾಗುವ ಪ್ರಶ್ನೆ. ಬೇರೆ ಊರಿನವರು ಇಲ್ಲಿಗೆ ಬಂದು ಇದನ್ನು ಸುಲಭಕ್ಕೆ ಮಾಡಲಾರರು.

ಎರಡನೇ ಬಾಗಿಲು ಬಾಲ ನ್ಯಾಯದ್ದು, ಅಂದರೆ ಮಗುವೇ ಆರೋಪಿಯಾಗಿರುವ ಕೇಸುಗಳದ್ದು. 2015ರ ಬಾಲ ನ್ಯಾಯ ಕಾಯ್ದೆಯ 15ನೇ ಕಲಂ ಪ್ರಕಾರ, 16 ದಾಟಿದ 18ರೊಳಗಿನ ಮಗು ಘೋರ ಅಪರಾಧ ಮಾಡಿದೆ ಎಂಬ ಆರೋಪ ಬಂದರೆ ಬಾಲ ನ್ಯಾಯ ಮಂಡಳಿ "ಪ್ರಾಥಮಿಕ ಮೌಲ್ಯಮಾಪನ" ಮಾಡಬೇಕು. ಆ ಕೃತ್ಯ ಎಸಗುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮ ತಿಳಿಯುವ ಶಕ್ತಿ, ನಡೆದ ಸಂದರ್ಭ, ಇವನ್ನು ನೋಡಬೇಕು. 2022ರ ಬರುಣ್ ಚಂದ್ರ ಠಾಕೂರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯಶಾಸ್ತ್ರದ ಪದವಿ ಪಡೆದ ವೃತ್ತಿಪರರು ಇಲ್ಲದಿದ್ದರೆ ತಜ್ಞರ ನೆರವು ಪಡೆಯುವುದು ಕಡ್ಡಾಯ. ಬರೀ ಐಕ್ಯೂ ಅಳೆದರೆ ಈ ಕೆಲಸ ಆಗುವುದಿಲ್ಲ. ನಮ್ಮ ಭಾಷೆಯ, ನಮ್ಮ ಬಡತನದ, ಗುಳೆ ಹೋಗಿ ಶಾಲೆ ಬಿಟ್ಟ ಹುಡುಗನ ತಿಳಿವಳಿಕೆಯನ್ನು ಹೇಗೆ ಅಳೆಯುವುದು ಎಂಬ ಸಂಶೋಧನೆ ಬೇಕು.

ಉಳಿದೆರಡು ಬಾಗಿಲು ಚಿಕ್ಕದಾಗಿ. ಮಗುವಿನ ಸುಪರ್ದಿಗೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಕಲಂ ನೋಡಿ. ಬುದ್ಧಿ ಬಂದ ಮಗುವಿನ ಇಷ್ಟವನ್ನು ಕೋರ್ಟು ಗಮನಿಸಬಹುದು ಎನ್ನುತ್ತದೆ. ಬುದ್ಧಿ ಬಂದದ್ದು ಯಾವಾಗ ಎಂಬುದೇ ನಿಮ್ಮ ಪ್ರಶ್ನೆ. ಬಾಲ್ಯವಿವಾಹಕ್ಕೆ 2006ರ ಕಾಯ್ದೆಯ ಜೊತೆ ಕರ್ನಾಟಕದ ತಿದ್ದುಪಡಿಯನ್ನೂ ಓದಿ. ಅದರ ಪ್ರಕಾರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಆಗಿಯೇ ಇಲ್ಲ ಎಂದು ಲೆಕ್ಕ.

ಹಂತ 2: ಮೂಲ ಪದವಿ

ನನ್ನ ಸಲಹೆ ಸ್ಪಷ್ಟ: ಸೈಕಾಲಜಿಯನ್ನು ಆಳವಾಗಿ ಓದಿ. ಬಿಎ ಅಥವಾ ಬಿಎಸ್‌ಸಿ, ನಂತರ ಎಂಎ ಅಥವಾ ಎಂಎಸ್‌ಸಿ. ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರದ ಪೇಪರನ್ನು ತಪ್ಪಿಸಿಕೊಳ್ಳಬೇಡಿ. ಮುಂದೆ ಅನ್ನ ಹಾಕುವುದು ಅದೇ.

1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ ಸ್ನಾತಕೋತ್ತರ ಓದು ಇದೆ. ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೈಕಾಲಜಿಯೂ ಇದೆ, ಕಾನೂನೂ ಇದೆ. ಎರಡು ವಿಭಾಗದವರೂ ಒಂದೇ ಕ್ಯಾಂಪಸ್‌ನಲ್ಲಿ ಸಿಗುವುದು ದೊಡ್ಡ ಅನುಕೂಲ. ಅಲ್ಲಿಗೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಹೊರಗೆ ಹೋಗಬಲ್ಲವರಿಗೆ ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದಲ್ಲಿ ಫೊರೆನ್ಸಿಕ್ ಸೈಕಾಲಜಿಯ ಸ್ನಾತಕೋತ್ತರ ಪದವಿ ಇದೆ. ಫೊರೆನ್ಸಿಕ್ ಎಂದರೆ ಕೋರ್ಟಿನ ಕೆಲಸಕ್ಕೆ ಸಂಬಂಧಪಟ್ಟದ್ದು.

ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಇನ್ನೂ ಮಾಡಿಸಿಲ್ಲದಿದ್ದರೆ ಇವತ್ತೇ ಸಹಾಯಕ ಆಯುಕ್ತರ ಕಚೇರಿಗೆ ಅರ್ಜಿ ಹಾಕಿ. ರಾಜ್ಯದ ಸಂಸ್ಥೆಗಳಲ್ಲಿ ನಮ್ಮ ಭಾಗದೊಳಗೆ ಶೇ 70, ಉಳಿದ ಕಡೆ ಶೇ 8 ಸೀಟು ನಮಗೆ ಮೀಸಲು. ಪ್ರವೇಶದ ದಿನ ಓಡಾಡಿದರೆ ಕಾಗದ ಕೈಗೆ ಬರುವುದಿಲ್ಲ.

ಇಲ್ಲಿ ಮೂರು ತಪ್ಪು ದಾರಿಗಳಿವೆ.

ಒಂದು, ವಾರಾಂತ್ಯದ ಆನ್‌ಲೈನ್ ಸರ್ಟಿಫಿಕೇಟ್ ಪಡೆದು "ಫೊರೆನ್ಸಿಕ್ ಸೈಕಾಲಜಿಸ್ಟ್" ಎಂದು ಬೋರ್ಡು ಹಾಕುವುದು. ದುಡ್ಡೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಎರಡು, ಎಂಎ ಮುಗಿಸಿದ ಕೂಡಲೇ "ಕ್ಲಿನಿಕಲ್ ಸೈಕಾಲಜಿಸ್ಟ್" ಎಂದುಕೊಳ್ಳುವುದು. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ ಮತ್ತು ನೋಂದಣಿ ಬೇಕು. ಹಿಂದೆ ಅದಕ್ಕೆ ಎರಡು ವರ್ಷದ ಎಂಫಿಲ್ ದಾರಿಯಾಗಿತ್ತು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಎಂಫಿಲ್ ನಿಲ್ಲಿಸಿ, ಈ ವಿಷಯಕ್ಕೆ ಸ್ವಲ್ಪ ಕಾಲ ವಿನಾಯಿತಿ ಕೊಟ್ಟಿತು. ಆ ಜಾಗಕ್ಕೆ ಹೊಸ ಕೋರ್ಸುಗಳು ಬರುತ್ತಿವೆ. ಹಾಗಾಗಿ ಸೀನಿಯರ್ ಹೇಳಿದ್ದನ್ನು ನಂಬಿ ಫೀಸು ಕಟ್ಟಬೇಡಿ. ಪರಿಷತ್ತಿನ ಈ ವರ್ಷದ ಪಟ್ಟಿಯಲ್ಲಿ ಆ ಕಾಲೇಜು ಇದೆಯೇ ನೋಡಿ. ಪಾಠ-ಸಂಶೋಧನೆಗೆ ಮಾತ್ರ ಹೋಗುವವರಿಗೆ ಈ ನೋಂದಣಿ ಕಡ್ಡಾಯವಲ್ಲ.

ಮೂರು, ಈ ಕ್ಷೇತ್ರ ಎಂದರೆ ಸುಳ್ಳು ಪತ್ತೆ ಯಂತ್ರ ಎಂದುಕೊಳ್ಳುವುದು. 2010ರ ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ನಾರ್ಕೋ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಟಿವಿಯಲ್ಲಿ ನೋಡಿದ್ದನ್ನು ಪಕ್ಕಕ್ಕಿಡಿ.

ಹಂತ 3: ಕಾನೂನು ಓದಲು ಕಲಿಯಿರಿ

ಮೊದಲು ಪೋಕ್ಸೊ, ಅಂದರೆ ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಈ ಕಾಯ್ದೆಯನ್ನು ಸಂಶೋಧಕರ ಕಣ್ಣಿನಿಂದ ಓದಿ. 24ನೇ ಕಲಂ: ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದಕ್ಕೆ ಇಷ್ಟವಾದ ಜಾಗದಲ್ಲೋ ಬರೆದುಕೊಳ್ಳಬೇಕು, ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. 33: ವಕೀಲರು ಮಗುವಿಗೆ ನೇರವಾಗಿ ಪ್ರಶ್ನೆ ಹಾಕುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. 35: ಮಗುವಿನ ಸಾಕ್ಷ್ಯ 30 ದಿನದೊಳಗೆ, ವಿಚಾರಣೆ ಸಾಧ್ಯವಾದಷ್ಟು 1 ವರ್ಷದೊಳಗೆ. 36: ಸಾಕ್ಷಿ ಹೇಳುವಾಗ ಮಗುವಿಗೆ ಆರೋಪಿ ಎದುರಾಗಬಾರದು. ಒಂದೊಂದು ಕಲಮೂ ಮಕ್ಕಳ ನೆನಪು, ಭಯದ ಬಗ್ಗೆ ಒಂದೊಂದು ಊಹೆ ಮಾಡುತ್ತದೆ. ಆ ಊಹೆ ನಮ್ಮೂರಲ್ಲಿ ನಿಜವಾಗುತ್ತಿದೆಯೇ? ನಿಮ್ಮ ಕೆಲಸ ಶುರುವಾಗುವುದೇ ಅಲ್ಲಿ.

ನಂತರ 2015ರ ಬಾಲ ನ್ಯಾಯ ಕಾಯ್ದೆ, ತಜ್ಞರ ಅಭಿಪ್ರಾಯದ ಬಗ್ಗೆ ಸಾಕ್ಷ್ಯ ಅಧಿನಿಯಮದ 39ನೇ ಕಲಂ, ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ. ಅದರ 12ನೇ ವಿಧಿ ಮಗುವಿನ ಮಾತಿಗೆ ಕಿವಿಗೊಡಬೇಕು ಎನ್ನುತ್ತದೆ.

ಎಲ್‌ಎಲ್‌ಬಿ ಬೇಕಾ? ಕಾನೂನು ಕಾಲೇಜಿನಲ್ಲೇ ಪಾಠ ಮಾಡುವ ಆಸೆ ಇದ್ದರೆ ಬೇಕು, ಅದರ ಮೇಲೆ ಎಲ್‌ಎಲ್‌ಎಂ ಕೂಡ ಬೇಕು. ಇಲ್ಲದಿದ್ದರೆ ಮೂರು ವರ್ಷ ಅದಕ್ಕೆ ಕೊಡುವ ಮುನ್ನ ಎರಡು ಸಲ ಯೋಚಿಸಿ. ಎಂಎ ಜೊತೆಗೇ ಎಲ್‌ಎಲ್‌ಬಿ ಮುಗಿಸುತ್ತೇನೆ ಎಂದು ಹೊರಡುವವರು ಜಾಸ್ತಿ. ಯುಜಿಸಿ 2022ರಲ್ಲಿ ಎರಡು ಡಿಗ್ರಿ ಒಟ್ಟಿಗೆ ಮಾಡಲು ಬಿಟ್ಟರೂ, ಬಾರ್ ಕೌನ್ಸಿಲಿನ 2008ರ ನಿಯಮ ಎಲ್‌ಎಲ್‌ಬಿ ಜೊತೆ ಇನ್ನೊಂದು ರೆಗ್ಯುಲರ್ ಕೋರ್ಸಿಗೆ ಅವಕಾಶ ಕೊಡುವುದಿಲ್ಲ. ಕೊನೆಗೆ ಎರಡೂ ಡಿಗ್ರಿಗೆ ತೊಡಕಾಗಬಹುದು.

ಹಂತ 4: ನೆಟ್, ಕೆ-ಸೆಟ್

ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಸ್ನಾತಕೋತ್ತರದಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಂಗವಿಕಲರಿಗೆ ಶೇ 5 ಸಡಿಲಿಕೆ ಇದೆ. ಜೊತೆಗೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ) ಪಾಸಾಗಿರಬೇಕು. ನೆಟ್‌ನಲ್ಲಿ ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ನೆಟ್‌ನಲ್ಲಿ ಹೆಚ್ಚು ಅಂಕ ಪಡೆದವರಿಗೆ ಸಿಗುವ ಸಂಶೋಧನಾ ವೇತನ ಜೆಆರ್‌ಎಫ್ ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆಯಲ್ಲಿ ದುಡ್ಡಿನ ಆಸರೆ ಇಲ್ಲದವರಿಗೆ ಇದೇ ಗಟ್ಟಿ ಹಾದಿ. ಎಂಎ ಕೊನೆಯ ವರ್ಷದಲ್ಲೇ ನೆಟ್ ಬರೆಯಿರಿ.

ಹಂತ 5: ಮೊದಲ ಅಧ್ಯಯನ ಮಕ್ಕಳನ್ನು ಮುಟ್ಟದೆ ಮಾಡಿ

ಇದನ್ನು ಒತ್ತಿ ಹೇಳುತ್ತೇನೆ. ಎಂಎ ಪ್ರಾಜೆಕ್ಟಿಗೆಂದು ಬಾಲಮಂದಿರಕ್ಕೆ ಹೋಗಿ, ನೊಂದ ಮಕ್ಕಳಿಗೆ ಪ್ರಶ್ನಾವಳಿ ಹಂಚಬೇಡಿ. ಆ ಮಗು ಪೊಲೀಸರಿಗೆ, ಡಾಕ್ಟರಿಗೆ, ಮ್ಯಾಜಿಸ್ಟ್ರೇಟರಿಗೆ ಆಗಲೇ ಹೇಳಿದೆ. ನಿಮ್ಮ 20 ಅಂಕದ ಪ್ರಾಜೆಕ್ಟಿಗಾಗಿ ಮತ್ತೊಮ್ಮೆ ಹೇಳಬೇಕೆ?

ಬದಲಿಗೆ ತೀರ್ಪು ಓದಿ. ಹೈಕೋರ್ಟಿನ ಕಲಬುರಗಿ ಪೀಠದ ತೀರ್ಪುಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಮಗು ಸಾಕ್ಷಿಯಾಗಿದ್ದ ಮೂವತ್ತು ತೀರ್ಪು ಆರಿಸಿ, ಮಾತನ್ನು ನಂಬಿದ್ದಕ್ಕೆ ಅಥವಾ ನಂಬದಿದ್ದಕ್ಕೆ ಕೊಟ್ಟ ಕಾರಣಗಳನ್ನು ವಿಂಗಡಿಸಿ. "ತಡವಾಗಿ ಹೇಳಿದಳು", "ಹೇಳಿಕೆಯಲ್ಲಿ ವ್ಯತ್ಯಾಸ ಇದೆ" ಎಂಬ ಕಾರಣಗಳ ಪಕ್ಕದಲ್ಲಿ ಮಕ್ಕಳ ನೆನಪಿನ ಬಗ್ಗೆ ಸಂಶೋಧನೆ ಏನು ಹೇಳುತ್ತದೆ ಎಂದು ಬರೆಯಿರಿ. ಇನ್ನೊಂದು ದಾರಿ, ದೊಡ್ಡವರನ್ನು ಅಭ್ಯಾಸ ಮಾಡುವುದು: ವಕೀಲರು, ಶಿಕ್ಷಕರು, ಪೊಲೀಸರು ಮಕ್ಕಳ ಮಾತಿನ ಬಗ್ಗೆ ಏನು ನಂಬಿದ್ದಾರೆ?

ಮುಂದೆ ಮಕ್ಕಳೊಂದಿಗೆ ಕೆಲಸ ಮಾಡುವಾಗ ಮೂರು ವಿಷಯ ಮರೆಯಬೇಡಿ.

ಸಂಸ್ಥೆಯ ನೈತಿಕತಾ ಸಮಿತಿಯ ಒಪ್ಪಿಗೆ ಮೊದಲು ಬರಬೇಕು, ಮಾಹಿತಿ ಸಂಗ್ರಹ ಆಮೇಲೆ. ಪೋಷಕರ ಒಪ್ಪಿಗೆಯ ಜೊತೆ ಮಗುವಿನ ಸಮ್ಮತಿಯೂ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ 7ರಿಂದ 12 ವರ್ಷದವರು ಬಾಯಿಮಾತಿನಲ್ಲಿ, 12ರಿಂದ 18ರವರು ಬರಹದಲ್ಲಿ ಸಮ್ಮತಿ ಕೊಡಬೇಕು. ಮಗು "ಬೇಡ" ಎಂದರೆ ಅಲ್ಲಿಗೆ ಮುಗಿಯಿತು.

"ಯಾರಿಗೂ ಹೇಳಲ್ಲ" ಎಂದು ಮಗುವಿಗೆ ಎಂದೂ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ನಿಮಗೆ ಗೊತ್ತಾದರೆ ಪೋಕ್ಸೊ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಅಡಿ ನಿಮಗೇ ಶಿಕ್ಷೆ. ಸಂಶೋಧಕರಿಗೆ ಇದರಲ್ಲಿ ವಿನಾಯಿತಿ ಇಲ್ಲ. ಹಾಗಾಗಿ ಮಾತು ಶುರು ಮಾಡುವ ಮೊದಲೇ ಮಗುವಿಗೆ ಅರ್ಥವಾಗುವಂತೆ ಹೇಳಿ: "ನಿನಗೆ ಯಾರಾದರೂ ತೊಂದರೆ ಕೊಡ್ತಿದ್ದಾರೆ ಅಂತ ಗೊತ್ತಾದರೆ ನಾನು ಸಹಾಯ ಮಾಡುವವರಿಗೆ ಹೇಳಬೇಕಾಗುತ್ತದೆ." 1098 ಮಕ್ಕಳ ಸಹಾಯವಾಣಿ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ನಂಬರ್ ಕೈಯಲ್ಲಿರಲಿ.

ಗುರುತು ಮುಚ್ಚುವುದು ಎಂದರೆ ಹೆಸರು ತೆಗೆಯುವುದಷ್ಟೇ ಅಲ್ಲ. "ಸುರಪುರ ತಾಲ್ಲೂಕಿನ ಒಂದು ತಾಂಡಾದ 7ನೇ ತರಗತಿ ಹುಡುಗಿ" ಎಂದು ಬರೆದರೆ ಆ ಊರಿಗೆಲ್ಲ ಗೊತ್ತಾಗುತ್ತದೆ. ಊರು, ಜಾತಿ, ಶಾಲೆ, ಹಬ್ಬದ ದಿನ, ಎಲ್ಲವನ್ನೂ ಮಸುಕು ಮಾಡಿ.

ಹಂತ 6: ಪಿಎಚ್‌ಡಿ ಮತ್ತು ಗೈಡ್

2022ರ ಯುಜಿಸಿ ನಿಯಮದಂತೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ 2 ವರ್ಷ ಹೆಚ್ಚು ಕಾಲಾವಕಾಶ ಮತ್ತು 240 ದಿನದವರೆಗೆ ಹೆರಿಗೆ ರಜೆ ಇದೆ. ಮದುವೆ, ಮಕ್ಕಳ ಕಾರಣಕ್ಕೆ ಹಿಂಜರಿಯುವ ಹೆಣ್ಣುಮಕ್ಕಳು ಇದನ್ನು ತಿಳಿದಿರಲಿ.

ವಿಶ್ವವಿದ್ಯಾಲಯದ ಹೆಸರಿಗಿಂತ ಗೈಡ್ ಮುಖ್ಯ. ಇಲ್ಲಿಯ ಎರಡು ವಿಶ್ವವಿದ್ಯಾಲಯಗಳಲ್ಲದೆ ಬೆಂಗಳೂರಿನ ನಿಮ್ಹಾನ್ಸ್, ನ್ಯಾಷನಲ್ ಲಾ ಸ್ಕೂಲ್, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಐಎಸ್‌ಎಸ್) ನೋಡಿ. ಕಷ್ಟದ ಸ್ಥಿತಿಯಲ್ಲಿರುವ ಮಕ್ಕಳಿಗಾಗಿ ನಿಮ್ಹಾನ್ಸ್‌ನಲ್ಲಿ "ಸಂವಾದ್" ಎಂಬ ರಾಷ್ಟ್ರೀಯ ಕಾರ್ಯಕ್ರಮ ಇದೆ. ಅದರ ತರಬೇತಿಗಳು ಮತ್ತು ಸಾಮಗ್ರಿ ಹೊಸಬರಿಗೆ ತುಂಬಾ ಉಪಯೋಗ.

ಗೈಡ್‌ಗೆ ಬರೆಯುವ ಇಮೇಲ್ ಒಂದು ಪುಟ ದಾಟದಿರಲಿ. ಅವರ ಯಾವ ಪ್ರಬಂಧ ಓದಿದಿರಿ, ನಿಮ್ಮ ಪ್ರಶ್ನೆ ಏನು, ಯಾವ ಮಾಹಿತಿ ಎಲ್ಲಿ ಸಿಗುತ್ತದೆ, ನಿಮಗೆ ಯಾವ ಯಾವ ಭಾಷೆ ಬರುತ್ತದೆ. ಕೊನೆಯದನ್ನು ಬಿಡಲೇಬೇಡಿ. ಕನ್ನಡ, ದಖನಿ, ಲಂಬಾಣಿ ಮೂರೂ ಬರುವ ಸಂಶೋಧಕಿ ಎಷ್ಟು ಜನ ಸಿಗುತ್ತಾರೆ ಹೇಳಿ?

ದುಡ್ಡು ಕೊಟ್ಟರೆ ವಾರದಲ್ಲಿ ಲೇಖನ ಅಚ್ಚು ಹಾಕುವ ಜರ್ನಲ್‌ಗಳಿಂದ ದೂರ ಇರಿ. ಒಪ್ಪಿದ ಜರ್ನಲ್‌ಗಳ ಹೆಸರಿದ್ದ ಕೇರ್ ಪಟ್ಟಿಯನ್ನೂ ಯುಜಿಸಿ 2025ರಲ್ಲಿ ಕೈಬಿಟ್ಟಿದೆ, ಒಳ್ಳೆಯದು ಯಾವುದು ಎಂದು ನೀವೇ ಅರಿಯಬೇಕು. "ಲಾ ಅಂಡ್ ಹ್ಯೂಮನ್ ಬಿಹೇವಿಯರ್" ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಓದಿದರೆ ಗುಣಮಟ್ಟ ಎಂದರೇನು ಎಂದು ತಿಳಿಯುತ್ತದೆ.

ಹಂತ 7: ಓದುವಾಗಲೇ ಜಿಲ್ಲೆಯಲ್ಲಿ ಒಂದು ಕಾಲಿಡಿ

ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಪರಿಚಯ ಮಾಡಿಕೊಳ್ಳಿ. 2020ರ ಪೋಕ್ಸೊ ನಿಯಮಗಳಲ್ಲಿ "ಬೆಂಬಲ ವ್ಯಕ್ತಿ" ಎಂಬ ಪಾತ್ರ ಇದೆ. ತನಿಖೆ, ವಿಚಾರಣೆ ಉದ್ದಕ್ಕೂ ಮಗುವಿನ ಜೊತೆ ಇರುವವರು. ಮಗು ಮತ್ತು ಪೋಷಕರು ಒಪ್ಪಿದರೆ ಮಕ್ಕಳ ಕಲ್ಯಾಣ ಸಮಿತಿ ಇವರನ್ನು ನೇಮಿಸುತ್ತದೆ. ಸೈಕಾಲಜಿ ಓದಿದವರಿಗೆ ಇದು ಹೊಂದುವ ಕೆಲಸ, ಸಂಭಾವನೆಯೂ ಇದೆ. ಆದರೆ ನೀವು ಬೆಂಬಲ ವ್ಯಕ್ತಿಯಾಗಿರುವ ಮಗುವನ್ನು ನಿಮ್ಮ ಸಂಶೋಧನೆಗೆ ಸೇರಿಸಿಕೊಳ್ಳಬೇಡಿ. ಆ ಮಗು ನಿಮಗೆ "ಬೇಡ" ಎನ್ನಲಾರದು. ಅನುಭವ ಬೆಳೆದ ಮೇಲೆ ಬಾಲ ನ್ಯಾಯ ಮಂಡಳಿಯ ಸಮಾಜ ಸೇವಕ ಸದಸ್ಯತ್ವಕ್ಕೂ ಅರ್ಜಿ ಹಾಕಬಹುದು. ಮಕ್ಕಳ ಕ್ಷೇತ್ರದಲ್ಲಿ 7 ವರ್ಷ ಕೆಲಸ ಮಾಡಿದವರನ್ನು, ಇಲ್ಲವೇ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನಿನ ಪದವಿ ಇರುವ ವೃತ್ತಿಪರರನ್ನು ಕಾಯ್ದೆ ಕೇಳುತ್ತದೆ.

"ನೌಕರಿ ಸಿಗ್ತದಾ?" ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಅವರಿಗೆ ಇದ್ದದ್ದನ್ನು ಹೇಳಿ. "ಮಕ್ಕಳ ಮನಶ್ಶಾಸ್ತ್ರ ಮತ್ತು ಕಾನೂನು" ಎಂಬ ಹೆಸರಿನ ಹುದ್ದೆಯ ಜಾಹೀರಾತು ನಮ್ಮ ಕಡೆ ಬರುವುದಿಲ್ಲ. ಸೈಕಾಲಜಿ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಅರ್ಜಿ ಹಾಕಬೇಕು, ಒಳಗೆ ಹೋದ ಮೇಲೆ ಈ ವಿಷಯದ ಪಾಠವನ್ನು ನೀವೇ ರೂಪಿಸಬೇಕು. ಎಂಎ ಸೇರಿದ ದಿನದಿಂದ ಪಿಎಚ್‌ಡಿ ಮುಗಿಯುವವರೆಗೆ ಏಳೆಂಟು ವರ್ಷ ಹಿಡಿಯುತ್ತದೆ. ಅದರಲ್ಲಿ ಮೊದಲ ಎರಡು ವರ್ಷಕ್ಕೆ ವಿದ್ಯಾರ್ಥಿವೇತನ, ನಂತರ ಜೆಆರ್‌ಎಫ್ ಅಥವಾ ಅತಿಥಿ ಉಪನ್ಯಾಸಕರ ಕೆಲಸ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಅಪ್ಪ ಅವ್ವನ ಜೊತೆ ಕೂತು ಮಾತಾಡಿ, ಆಮೇಲೆ ಅರ್ಜಿ ತುಂಬಿ.